ಒಪ್ಪಿಗೆ ಪತ್ರ ಒಂದೇ ಕಡೆಯಿಂದ ಸಾಕೇ?

ಕೊರೋನಾ ಬಂದು 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! "ಕಳಿಸೋದಾ, ಬೇಡ್ವಾ?" ನಮ್ಮ ಬ್ಯಾಟರಾಯನಪುರದ ಕಡೆ ಹೆತ್ತವರದ್ದೆಲ್ಲ ಇದೇ ಮಾತು. ಹೆದರಿಕೆ ಸುಳ್ಳಲ್ಲ, ಆಗಿನ್ನೂ ಮಕ್ಕಳಿಗೆ ಲಸಿಕೆ ಬಂದಿರಲಿಲ್ಲ. ಆದರೆ ಶಾಲೆ ಇಲ್ಲದ ಮಗು ಮನೆಯೊಳಗೇ ಇತ್ತೇ? ಸೊಪ್ಪಿನ ಕಟ್ಟಿನ ಜತೆ ಸಂತೆಗೂ ಬರುತ್ತಿತ್ತು. ಆನ್‌ಲೈನ್ ಪಾಠಕ್ಕೆ ಇದ್ದದ್ದು ಅಪ್ಪನ ಒಂದು ಫೋನು; ಅಪ್ಪ ಮಾರ್ಕೆಟ್ಟಿಗೆ ಹೊರಟರೆ ಪಾಠವೂ ಹೊರಟಿತು.

ಹಾಗಾಗಿ ಶಾಲೆ ತೆರೆದದ್ದು ಸರಿ ಅಂತಲೇ ನನ್ನ ಮತ. ತಕರಾರು ಒಂದೇ. ಹೆತ್ತವರಿಂದ ಒಪ್ಪಿಗೆ ಪತ್ರ ಬರೆಸಿಕೊಂಡರು. ನಲ್ಲಿಯಲ್ಲಿ ನೀರಿದೆ, ಕಿಟಕಿ ತೆರೆದಿದೆ, ಮಗುವಿಗೆ ಜ್ವರ ಬಂದರೆ ಕೂಡಲೇ ತಿಳಿಸುತ್ತೇವೆ ಅಂತ ಶಾಲೆಯೂ ನಮಗೆ ಬರೆದುಕೊಡಬೇಡವೇ? ಮುಂದೆ ಇಂಥ ಕಾಲ ಬಂದರೆ ಸಹಿ ಹಾಕುವ ಮೊದಲು ಇಷ್ಟು ಕೇಳೋಣ.