ಪರಸ್ಥಳದಲ್ಲೊಂದು ಒಲೆ

ಬಸವಾಪಟ್ಟಣದ ನಮ್ಮ ನೆರೆಮನೆಯವರು ತಾಯಿಯ ಗಂಟಲಿನ ವಿಕಿರಣ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೊರಟಾಗ, "ಆರು ವಾರ ಎಲ್ಲಿ ಉಳಿಯುವುದು, ಶಾಸ್ತ್ರಿಗಳೇ?" ಎಂದು ಕೇಳಿದರು. ಈ ಚಿಕಿತ್ಸೆ ದಿನಕ್ಕೆ ಕೆಲವೇ ನಿಮಿಷಗಳದ್ದು. ಆದರೆ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುವುದುಂಟು. ದಿನವೂ ಊರಿಗೆ ಮರಳುವಂತಿಲ್ಲ.

ಮೊದಲು ಧರ್ಮಶಾಲೆಯನ್ನು ವಿಚಾರಿಸಬೇಕು. ಅದು ದೊರೆಯದಿದ್ದಲ್ಲಿ ಅಡುಗೆಮನೆಯುಳ್ಳ ಕೋಣೆಯೇ ಲೇಸು. ಬಾಡಿಗೆ ಲಾಡ್ಜಿಗಿಂತ ತುಸು ಹೆಚ್ಚೆನಿಸಿದರೂ, ಮೂವರ ಮೂರು ಹೊತ್ತಿನ ಹೋಟೆಲ್ ಖರ್ಚನ್ನು ಕೂಡಿಸಿದರೆ ಲೆಕ್ಕ ತಿರುಗುತ್ತದೆ. ಹಣಕ್ಕಿಂತ ಮಿಗಿಲಾದುದೂ ಇದೆ: ಬಾಯಿ ಹುಣ್ಣಾದ ರೋಗಿಗೆ ಖಾರವಿಲ್ಲದ ಮೆತ್ತನೆಯ ಅನ್ನ, ರಾಗಿ ಗಂಜಿ ಕೇಳಿದ ಹೊತ್ತಿಗೆ ಸಿಗುವುದು ಸ್ವಂತ ಒಲೆಯಲ್ಲಿಯೇ. ಪೂಜೆಯಾಗದೆ ಅನ್ನ ಮುಟ್ಟದ ಹಿರಿಯರಿಗೂ ಅದೇ ಅನುಕೂಲ. ನಾಲ್ಕು ದಿನದ ಕೆಲಸಕ್ಕಾದರೆ ಈ ಉಪದ್ವ್ಯಾಪ ಬೇಡ, ಖಾನಾವಳಿ ಸಾಕು.

ಮುಂಗಡ ಕೊಡುವ ಮುನ್ನ ಗ್ಯಾಸು, ನೀರು, ಪಾತ್ರೆಗಳು ಬಾಡಿಗೆಯಲ್ಲಿ ಸೇರಿವೆಯೇ ಎಂದು ಕೇಳಿರಿ. ದೂರದ ಅಗ್ಗದ ಕೋಣೆಯ ಉಳಿತಾಯವನ್ನು ಆಟೋ ನುಂಗಿಬಿಡುತ್ತದೆ. ಮನೆಯ ಸಿಲಿಂಡರನ್ನು ರೈಲಿನಲ್ಲಿ ಒಯ್ಯಲೇಬಾರದು. 2023ರ ಆಗಸ್ಟಿನಲ್ಲಿ ಮಧುರೈ ನಿಲ್ದಾಣದ ಬಳಿ, ಯಾತ್ರಿಕರು ನಿಯಮ ಮೀರಿ ಬೋಗಿಯೊಳಗೆ ಒಯ್ದಿದ್ದ ಸಿಲಿಂಡರಿನಿಂದ ಬೆಂಕಿಯೆದ್ದು 9 ಜನ ಮಡಿದರು. 5 ಕಿಲೋ ತೂಕದ ಸಣ್ಣ ಸಿಲಿಂಡರು ಗುರುತಿನ ಚೀಟಿ ತೋರಿಸಿದರೆ ಬೆಂಗಳೂರಿನಲ್ಲಿಯೇ ದೊರೆಯುತ್ತದೆ. ಕೋಣೆಯ ಒಡೆಯರ ಒಪ್ಪಿಗೆ ಮಾತ್ರ ಮೊದಲೇ ಪಡೆದಿರಬೇಕು.

ಒಂದು ಖರ್ಚು ಯಾವ ಚೀಟಿಯಲ್ಲಿಯೂ ಬರುವುದಿಲ್ಲ. ಆಸ್ಪತ್ರೆಯ ಸರದಿ, ರೋಗಿಯ ಶುಶ್ರೂಷೆ, ಅದರ ಮೇಲೆ ಅಡುಗೆ, ಎಲ್ಲವೂ ಸೊಸೆಯೊಬ್ಬಳ ಹೆಗಲಿಗೆ ಬೀಳುವುದನ್ನು ಕಂಡಿದ್ದೇನೆ. ಆದ್ದರಿಂದ ನೆರೆಯವರಿಗೆ, ಮಗನೂ ಜೊತೆಗೆ ಹೋಗಲಿ, ತರಕಾರಿ ಹೆಚ್ಚುವುದನ್ನೂ ಪಾತ್ರೆ ಬೆಳಗುವುದನ್ನೂ ಕಲಿತುಕೊಂಡೇ ಹೋಗಲಿ ಎಂದೆ. ಮಠದಲ್ಲಿ ಓದುತ್ತಿದ್ದಾಗ ನಾವೆಲ್ಲ ನಿತ್ಯವೂ ಮಾಡುತ್ತಿದ್ದ ಕೆಲಸವದು.