ಕವರ್ ಹಾಡಿ, ಆದ್ರೆ ಚರಣ ನುಂಗಬೇಡಿ

(1/3)
ಮೊದ್ಲು ತಪ್ಪೊಪ್ಪಿಗೆ. ನಾನು ಒಂದು ಒಳ್ಳೆ ಹಾಡನ್ನ ಹಾಳು ಮಾಡಿದೀನಿ. ಒಬ್ಬಳೇ ಅಲ್ಲ, ನಾವು ಐದು ಜನ ಸೇರಿ.

ಕಳೆದ ವರ್ಷ ಕಾಲೇಜಿನ ರಾಜ್ಯೋತ್ಸವ. ಹಾಡು 'ನಿತ್ಯೋತ್ಸವ'. ಕೆ.ಎಸ್. ನಿಸಾರ್ ಅಹಮದ್ ಬರೆದದ್ದು, ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು, 1978ರಲ್ಲಿ ಕ್ಯಾಸೆಟ್ ಆಗಿ ಬಂದದ್ದು. ಅಪ್ಪನ ಹತ್ರ ಆ ಕ್ಯಾಸೆಟ್ ಇನ್ನೂ ಇದೆ, ಟೇಪ್ ರೆಕಾರ್ಡರ್ ಮಾತ್ರ ಸತ್ತುಹೋಗಿದೆ.

ನಮಗೆ ಸಿಕ್ಕಿದ್ದು ನಾಲ್ಕೇ ನಿಮಿಷ. ಅದ್ರಲ್ಲಿ ಗಿಟಾರ್ ಸೋಲೋ ಬೇಕು, ಮಧ್ಯ ಒಂದು ರ‍್ಯಾಪ್ ಬೇಕು. ಹಾಗಾದ್ರೆ ಎಂತ ತೆಗೆಯೋದು? ಕೊನೆ ಚರಣ ತೆಗೆದ್ವಿ. "ಅದು ಯಾರಿಗೂ ಬರೋದಿಲ್ಲ ಮಾರಾಯ್ತಿ" ಅಂದ್ರು. ನಾನೂ ಹೂಂ ಅಂದೆ.

ಬರೋದು ಒಬ್ಬನಿಗೆ. ಆ ಚರಣ ಹಾಡ್ಬೇಕಿದ್ದ ಭಟ್ಕಳದ ಗೆಳೆಯ. ಅವನ ಮನೆಮಾತು ನವಾಯತಿ. ಶಾಲೇಲಿ ಟೀಚರ್ ಬಾಯಿಂದ ಕೇಳಿ ಕೇಳಿ ಕಲಿತವ. ನಮ್ಮೈವರಲ್ಲಿ ಒಂದು ಅಕ್ಷರನೂ ಒಡೀದೇ ಹಾಡೋನು ಅವನೊಬ್ಬನೇ. ಸ್ಟೇಜ್ ಮೇಲೆ ಅವನಿಗೆ ಉಳಿದದ್ದು ಬರೀ ಕೋರಸ್.

ಚಪ್ಪಾಳೆ ಬಂತು. ವಿಡಿಯೋಗೆ ಲೈಕೂ ಬಂತು. ಮನೆಗೆ ಹೋದ್ಮೇಲೆ ವಿಡಿಯೋ ನೋಡಿ ಅಪ್ಪ ಕೇಳಿದ್ದು ಒಂದೇ ಮಾತು: "ಕೊನೇದು ಎಲ್ಲಿ?"

(2/3)
ನಮ್ಮನೆ ಕಾಸರಕೋಡದಲ್ಲಿ. ಕುಮಟಾಕ್ಕೆ ಕಾಲೇಜಿಗೆ ಹೋಗೋ ಬಸ್ಸು ದಿನಾ ಶರಾವತಿ ಸೇತುವೆ ದಾಟತ್ತೆ. ಆ ಹಾಡಲ್ಲಿ ಬರೋ ಜೋಗದಲ್ಲಿ ಬಿದ್ದ ನೀರೇ ಹೊನ್ನಾವರದಲ್ಲಿ ಸಮುದ್ರ ಸೇರೋದು. ಹಾಗಾಗಿ ಮೊದಲ ಭಾಗ ನಮ್ಮದೇ ಊರಿನ ಹಾಡು ಅನ್ಸತ್ತೆ, ಎಲ್ಲರಿಗೂ ಬಾಯಿಪಾಠ. ಆಮೇಲೆ ಹಾಡು ಇತಿಹಾಸಕ್ಕೆ ಹೋಗತ್ತೆ: ಶಾಸನ, ಓಲೆಗರಿ, ದೇವಸ್ಥಾನದ ಗೋಡೆ. ಕೊನೇಲಿ ಬರೋದು ಮನುಷ್ಯರ ಹತ್ರ. ಕುಲ ಕೇಳದ, ಹೊಟ್ಟೆಕಿಚ್ಚಿಲ್ಲದ ದೊಡ್ಡ ಮನಸ್ಸಿನ ಹತ್ರ.

ನಾವು ತೆಗೆದದ್ದು ಅದನ್ನೇ. ಹೊಳೆ, ಕಾಡು, ಗುಡಿ ಎಲ್ಲ ಇಟ್ಕೊಂಡ್ವಿ, ಮನುಷ್ಯರನ್ನ ಬಿಟ್ವಿ. ಅದೂ ಆ ಸಾಲು ಹಾಡ್ಬೇಕಿದ್ದ ಹುಡುಗನ ಬಾಯಿಂದ ಕಿತ್ಕೊಂಡು. ಭಟ್ಕಳ ಅಂದ ಕೂಡ್ಲೇ ಹೊರಗಿನವರ ಮುಖ ಹೆಂಗಾಗತ್ತೆ ಅಂತ ಅಲ್ಲಿಯವರಿಗೆ ಗೊತ್ತು. ಈ ಚರಣ ಯಾರಿಗಾದ್ರೂ ಬೇಕಿದ್ರೆ ಅದು ನಮಗೇ.

ಈಗ ಕಮೆಂಟಲ್ಲಿ "ಹಳೇ ಹಾಡು ಮುಟ್ಟಲೇಬಾರ್ದಾ?" ಅಂತ ಕೇಳ್ತೀರಿ. ಮುಟ್ಟಿ. ರಾಗ ಬದಲಾದ್ರೆ ಹಾಡು ಸಾಯೋದಿಲ್ಲ. ಕುವೆಂಪು ಅವರ ನಾಡಗೀತೆಗೆ ಅನಂತಸ್ವಾಮಿಯವರದ್ದೂ ಧಾಟಿ ಇದೆ, ಸಿ. ಅಶ್ವತ್ಥ್ ಅವರದ್ದೂ ಇದೆ. 2022ರಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿ, ಎರಡೂವರೆ ನಿಮಿಷ ಅಂತ ಆದೇಶ ಮಾಡ್ತು. ಆದ್ರೂ ಅಶ್ವತ್ಥ್ ಧಾಟಿ ಇಷ್ಟಪಡೋರು ಇಷ್ಟಪಡ್ತಾನೇ ಇದಾರೆ.

ಅಷ್ಟು ದೂರ ಎಂತಕ್ಕೆ, ನಮ್ಮ ಯಕ್ಷಗಾನನೇ ನೋಡಿ. ಗುಣವಂತೆಯ ಕೆರೆಮನೆ ಮೇಳ ಶುರುವಾದದ್ದು 1934ರಲ್ಲಿ. ಅದೇ ಪ್ರಸಂಗ, ಅದೇ ಪದ್ಯ. ನೆಬ್ಬೂರು ನಾರಾಯಣ ಭಾಗವತರು ಹೇಳಿದ ಹಾಗೆ ಕಡತೋಕಾ ಮಂಜುನಾಥ ಭಾಗವತರು ಹೇಳಲಿಲ್ಲ. ಕಾಳಿಂಗ ನಾವಡರದ್ದು ಮತ್ತೂ ಬೇರೆ. ಅದನ್ನ ಯಾರೂ ಕವರ್ ಅನ್ನೋದಿಲ್ಲ. ಭಾಗವತರು ರಾಗ ಬದಲಿಸ್ಬಹುದು, ಎಳೀಬಹುದು, ಆದ್ರೆ ಪದ್ಯದ ಮಾತು ನುಂಗೋ ಹಾಗಿಲ್ಲ. ಮಾತೇ ಕೇಳದಿದ್ರೆ ಎದುರಿಗೆ ನಿಂತ ವೇಷ ಎಂತ ಅರ್ಥ ಹೇಳೋದು?

ನನ್ನ ಲೆಕ್ಕದಲ್ಲಿ ಹಾಡು ಹಾಳಾಗೋದು ಇಲ್ಲೇ. ಗಿಟಾರಿಂದ ಅಲ್ಲ. ಹಾಡೋರಿಗೆ ಮಾತು ಬೇಡವಾದಾಗ.

(3/3)
ಬಿಕಾಂನವರಿಗೆ ಇದು ಬೇಗ ಅರ್ಥ ಆಗತ್ತೆ. ಪಾರ್ಟ್ನರ್‌ಶಿಪ್‌ಗೆ ಹೊಸ ಪಾಲುದಾರ ಬಂದ್ರೆ ಸುಮ್ನೆ ಕೂರಿಸ್ಕೊಳ್ಳೋದಿಲ್ಲ, ಅವನ ಪಾಲಿನ ಗುಡ್‌ವಿಲ್ ತರ್ಬೇಕು. ಹಳಬರು ಕಷ್ಟಪಟ್ಟು ಗಳಿಸಿದ ಹೆಸರಿಂದ ಅವನಿಗೂ ಲಾಭ ಬರತ್ತಲ್ಲ! ಕವರ್ ಹಾಡೋರೂ ಹಾಗೇ. ಮೊದಲ ಸ್ವರ ಬಂದ ಕೂಡ್ಲೇ ಜನ ನಿಂತು ಕೇಳ್ತಾರಲ್ಲ, ಅದು ನಮ್ಮ ದುಡಿಮೆ ಅಲ್ಲ. ಕವಿದು, ಸಂಗೀತ ಹಾಕಿದವರದ್ದು. ನಾವು ಎಂತ ತಂದ್ವಿ? ಹೊಸ ದನಿ, ಹೊಸ ವಾದ್ಯ ತನ್ನಿ, ಬೇಡ ಅಂದವರಾರು. ಏನೂ ತರದೇ ಇದ್ದದ್ದನ್ನೂ ಕತ್ತರಿಸಿ, ಕವಿ ಹೆಸರೂ ಹಾಕದೇ ರೀಲ್ ಬಿಟ್ರೆ ಅದಕ್ಕೆ ಯಾವ ಎಂಟ್ರಿ ಹಾಕ್ತೀರಿ?

ಹಾಗಾಗಿ ನಾನು ನನಗೇ ಮೂರು ಶರತ್ತು ಹಾಕ್ಕೊಂಡಿದೀನಿ:
• ಪೂರ್ತಿ ಹಾಡು ಒಮ್ಮೆ ಬಾಯಲ್ಲಿ ಓದದೇ ಹಾಡೋದಿಲ್ಲ.
• ಅರ್ಥ ಗೊತ್ತಿಲ್ಲದ ಪದ ಇದ್ರೆ ಕೇಳಿ ತಿಳ್ಕೊಳ್ಳೋದು. ನಾಚಿಕೆ ಎಂತದು?
• ಕ್ಯಾಪ್ಷನ್‌ನಲ್ಲಿ ಮೊದಲು ಕವಿ ಹೆಸರು, ಆಮೇಲೆ ಸಂಗೀತದವರು, ಕೊನೇಗೆ ನಾವು.

ಹೋದ ಭಾನುವಾರ ಆ ಗೆಳೆಯನಿಗೆ ಫೋನ್ ಮಾಡಿ ಸಾರಿ ಕೇಳ್ದೆ. "ಈಗ ನೆನಪಾಯ್ತಾ?" ಅಂತ ನಕ್ಕ. ಸಂಜೆ ಬಸ್ಸಲ್ಲಿ ಹೊನ್ನಾವರಕ್ಕೆ ಬಂದ. ಶರಾವತಿ ದಂಡೆ ಮೇಲೆ ಕೂತು, ಒಂದು ಗಿಟಾರ್, ಒಂದು ಫೋನು, ಹಾಡು ಪೂರ್ತಿ. ಹಿಂದೆ ದೋಣಿ ಇಂಜಿನ್ ಸದ್ದು ಕೇಳತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಕೊನೆ ಸ್ಲೈಡಲ್ಲಿದೆ. ಕೊನೆ ಚರಣದ ತನಕ ಕೇಳಿ, ಅರ್ಧಕ್ಕೆ ಸ್ವೈಪ್ ಮಾಡ್ಬೇಡಿ.

ನೀವು ಹಾಳು ಮಾಡಿದ ಹಾಡು ಯಾವ್ದು? ಕಮೆಂಟಲ್ಲಿ ಒಪ್ಕೊಳ್ಳಿ. ನಾನಂತೂ ಒಪ್ಕೊಂಡಾಯ್ತು.

#ನಿತ್ಯೋತ್ಸವ #ಭಾವಗೀತೆ #ಹೊನ್ನಾವರ #ಕುಮಟಾ #ಭಟ್ಕಳ