ನಮ್ಮ ಫೋಟೊದ ಕೆಳಗಿನ ಚೀಟಿ ಯಾರು ಬರೆಯಬೇಕು?

ಏಪ್ರಿಲ್ ಬಂದರೆ ಸಾಕು, ಜಿಲ್ಲೆಯ ಸ್ಟ್ರಿಂಗರ್‌ಗಳಿಗೆಲ್ಲ ಡೆಸ್ಕಿನಿಂದ ಫೋನ್ ಬರುತ್ತದೆ. ಬಿರುಕು ಬಿಟ್ಟ ಹೊಲ ಬೇಕು, ಖಾಲಿ ಕೊಡ ಹಿಡಿದ ಹೆಣ್ಣುಮಗಳು ಬೇಕು, ವಾಡಿ ಜಂಕ್ಷನ್‌ನಲ್ಲಿ ಗಂಟುಮೂಟೆ ಸಮೇತ ಕೂತ ಕುಟುಂಬ ಬೇಕು. ನಾವು ಕಳಿಸುತ್ತೇವೆ. ಮರುದಿನ ಚಿತ್ರದ ಕೆಳಗೆ ಒಂದು ಸಾಲು ಇರುತ್ತದೆ: ಸೇಡಂ ತಾಲ್ಲೂಕಿನ ಗ್ರಾಮವೊಂದರಲ್ಲಿ ನೀರಿಗಾಗಿ ಕಾದಿರುವ ಮಹಿಳೆ. ಊರಿಗೂ ಹೆಸರಿಲ್ಲ, ಆಕೆಗೂ ಹೆಸರಿಲ್ಲ. ಹೆಸರು ಬರೆದು ಕಳಿಸಿದ್ದರೆ, ಜಾಗ ಸಾಲಲಿಲ್ಲ ಅಂತಾರೆ.

ಇಂಥ ಸಾಲು ಓದಿದಾಗೆಲ್ಲ ನಮಗೆ ಕಾಲೇಜಿನ ಸೈನ್ಸ್ ಲ್ಯಾಬ್ ಕಣ್ಮುಂದೆ ಬರುತ್ತದೆ. ಫಾರ್ಮಾಲಿನ್ ಬಾಟಲಿಯಲ್ಲಿ ಹಾವು, ಕಪ್ಪೆ, ಚೇಳು. ಪ್ರತಿ ಬಾಟಲಿಗೂ ಒಂದು ಚೀಟಿ. ಬಿಎಸ್ಸಿ ಓದಿದವರು ಹರ್ಬೇರಿಯಂ ಹಾಳೆಯನ್ನೂ ಮಾಡಿರುತ್ತೀರಿ. ಗಿಡವನ್ನು ಹಳೆ ಪೇಪರಿನ ನಡುವೆ ಇಟ್ಟು ಒತ್ತಿ, ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಕೆಳಗೆ ಮೂಲೆಯಲ್ಲಿ ಚೀಟಿ ಹಚ್ಚುವುದು: ಹೆಸರು, ಕುಟುಂಬ, ಸಿಕ್ಕ ಜಾಗ, ದಿನಾಂಕ, ಸಂಗ್ರಹಿಸಿದವರು. ಗುಲಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಇಂಥ ಹಾಳೆಗಳ ಸಂಗ್ರಹವೇ ಇದೆ. ಒಳ್ಳೆಯ ಕೆಲಸ ಅದು. ಚೀಟಿಯಲ್ಲಿ ಏನು ಬರೆದರೂ ಗಿಡಕ್ಕೆ ಬೇಜಾರಿಲ್ಲ.

ತಕರಾರು ಶುರುವಾಗುವುದು ಗಿಡದ ಜಾಗದಲ್ಲಿ ಮನುಷ್ಯರನ್ನು ನಿಲ್ಲಿಸಿದಾಗ. ಬ್ರಿಟಿಷರ ಕಾಲದಲ್ಲಿ ಇದು ನಡೆದಿದೆ. 1869ರಲ್ಲಿ ಜಾನ್ ಲ್ಯಾಂಪ್ರಿ ಎಂಬಾತ ಲಂಡನ್ನಿನಲ್ಲಿ ಒಂದು ಉಪಾಯ ಹೇಳಿದ. ಮರದ ಚೌಕಟ್ಟಿಗೆ ಎರಡೆರಡು ಇಂಚಿಗೆ ದಾರ ಕಟ್ಟಿ ಚೌಕಗಳನ್ನು ಮಾಡಿ, ಅದರ ಮುಂದೆ ಮನುಷ್ಯರನ್ನು ಬರಿಮೈಯಲ್ಲಿ ನಿಲ್ಲಿಸಿ ಫೋಟೊ ತೆಗೆಯುವುದು. ಯಾರ ಎತ್ತರ ಎಷ್ಟು, ಯಾರ ತೋಳು ಎಷ್ಟುದ್ದ ಎಂದು ಚೌಕ ಎಣಿಸಿ ಹೇಳಬಹುದು. ಅಂಡಮಾನಿನಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ 1890ರ ದಶಕದಲ್ಲಿ ಅಲ್ಲಿನ ಜನರನ್ನು ಇಂಥದೇ ಚೌಕಗಳ ಪರದೆಯ ಮುಂದೆ ನಿಲ್ಲಿಸಿದ. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಅಳತೆಯ ಇಕ್ಕಳ ಹಿಡಿದು ದಕ್ಷಿಣ ಭಾರತ ಸುತ್ತಿ ಜನರ ಮೂಗು, ತಲೆ ಅಳೆದ. 1909ರಲ್ಲಿ ಜಾತಿ, ಬುಡಕಟ್ಟುಗಳ ಮೇಲೆ 7 ಸಂಪುಟ ತಂದ. ನಮ್ಮದು ಆಗ ನಿಜಾಮರ ಸೀಮೆ. ಇಲ್ಲಿಗೂ ಅಂಥದೊಂದು ಪುಸ್ತಕ 1920ರಲ್ಲಿ ಬಂತು. ಬರೆದವರು ಸೈಯದ್ ಸಿರಾಜ್ ಉಲ್ ಹಸನ್. ಅದರಲ್ಲಿ ಬಂಜಾರರ ಅಧ್ಯಾಯವೂ ಇದೆ, ಅಂದರೆ ನಮ್ಮ ಚಿಂಚೋಳಿ ತಾಂಡಾಗಳ ಲಂಬಾಣಿಗರ ಹಿರೀಕರ ಬಗ್ಗೆ. ಇವರು ಹೀಗೆ, ಇವರ ಸ್ವಭಾವ ಇಂಥದು ಎಂದು ಬರೆಯುವವರು ಬೇರೆ, ಬರೆಸಿಕೊಂಡವರು ಬೇರೆ.

ಇದನ್ನು ತಿರುವಿ ಹಾಕಿದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. 1956ರಲ್ಲಿ ಹುಟ್ಟಿದ ಅವರು ಓದಿದ್ದು ಶಿಲ್ಪಕಲೆ. ಆಮೇಲೆ ಮೂರ್ತಿ ಮಾಡುವುದು ಬಿಟ್ಟು ತಮ್ಮನ್ನೇ ಮೂರ್ತಿಯಂತೆ ನಿಲ್ಲಿಸಿಕೊಂಡು ಫೋಟೊ ಮಾಡಿಸತೊಡಗಿದರು. ಬೆಂಗಳೂರಿನಲ್ಲೇ ಇರುವ ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಒಂದು ದೊಡ್ಡ ಸರಣಿ ಮಾಡಿದರು. ಅದರ ಹೆಸರು 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್'. ಹೆಸರು ಕೇಳಿದರೆ ಥರ್ಸ್ಟನ್ ಕಾಲದ ಪುಸ್ತಕ ಅನ್ನಿಸಬೇಕು, ಅದೇ ಉದ್ದೇಶ. ಅದರಲ್ಲಿ ಅವರು ರವಿವರ್ಮನ ಲಕ್ಷ್ಮಿ ಆಗುತ್ತಾರೆ, ಪೇಪರಿನಲ್ಲಿ ಬಂದ ಸರಗಳ್ಳಿ ಆಗುತ್ತಾರೆ, ಆದಿಲ್‌ಶಾಹಿ ಕಾಲದ ಬಿಜಾಪುರದ ಚಿತ್ರವೊಂದರ ಯೋಗಿನಿ ಆಗುತ್ತಾರೆ. (ನಮ್ಮ ಪಕ್ಕದ ಊರಿನ ಯೋಗಿನಿ!) ನೀಲಗಿರಿಯ ತೊದ ಹೆಂಗಸಾಗಿ, ಹಿಂದೆ ಕಪ್ಪು ಬಿಳಿ ಚೌಕಗಳ ಬಟ್ಟೆ ಕಟ್ಟಿಸಿ ಅದರ ಮುಂದೆಯೂ ನಿಲ್ಲುತ್ತಾರೆ. ಅದೇ ಪೋರ್ಟ್‌ಮನ್‌ನ ಚೌಕ. ಆದರೆ ಈ ಸಲ ಚೌಕ ಹಾಕಿಸಿದವರೂ ನಿಂತವರೂ ಒಬ್ಬರೇ.

ನೋಡಿದರೆ ಮೊದಲು ನಗು ಬರುತ್ತದೆ. ಸ್ವಲ್ಪ ಹೊತ್ತು ನೋಡಿದರೆ ನಗು ನಿಲ್ಲುತ್ತದೆ.

ಒಂದು ಪ್ರಶ್ನೆ ಮಾತ್ರ ನಮ್ಮನ್ನು ಬಿಡುವುದಿಲ್ಲ. ಪುಷ್ಪಮಾಲಾ ಬೆಂಗಳೂರಿನವರು, ಬರೋಡಾದಲ್ಲಿ ಕಲೆ ಓದಿದವರು. ತೊದ ಹೆಂಗಸಿನ ವೇಷ ಅವರು ಹಾಕಿದರೆ, ತೊದ ಹೆಂಗಸಿಗೆ ಅಲ್ಲಿ ಮಾತು ಸಿಕ್ಕಿತೇ? ನಮ್ಮ ಮಟ್ಟಿಗೆ, ಸಿಗಲಿಲ್ಲ. ಅಳೆಯುವವನ ಮುಖಕ್ಕೆ ಕನ್ನಡಿ ಹಿಡಿಯುವ ಕೆಲಸವನ್ನು ಅವರು ಸೊಗಸಾಗಿ ಮಾಡಿದ್ದಾರೆ. ಅಳೆಸಿಕೊಂಡವರು ತಾವೇ ಬಂದು ಚೀಟಿ ಬರೆಯುವುದು ಬೇರೆ ಕೆಲಸ.

ಅಮೆರಿಕದಲ್ಲಿ ಒಬ್ಬರು ಅದನ್ನೂ ಮಾಡಿದ್ದಾರೆ. ಜೇಮ್ಸ್ ಲೂನಾ ಎಂದು, ಅಲ್ಲಿನ ಮೂಲನಿವಾಸಿ ಕಲಾವಿದ, 2018ರಲ್ಲಿ ತೀರಿಕೊಂಡರು. 1980ರ ದಶಕದಲ್ಲಿ ಸ್ಯಾನ್ ಡಿಯಾಗೋದ ಮ್ಯೂಸಿಯಮ್ಮಿನಲ್ಲಿ, ತನ್ನ ಜನರ ಹಳೆಯ ಸಾಮಾನು ಇಟ್ಟಿದ್ದ ಕಡೆಯೇ, ಪ್ರದರ್ಶನದ ಪೆಟ್ಟಿಗೆಯಲ್ಲಿ ಮರಳು ಹಾಸಿಕೊಂಡು ತಾನೇ ಮಲಗಿಬಿಟ್ಟರು. ಮೈಮೇಲಿನ ಗಾಯದ ಗುರುತುಗಳಿಗೆ ಒಂದೊಂದು ಚೀಟಿ ಇಟ್ಟಿದ್ದರು. ಕುಡಿದಾಗ ಆದ ಗಾಯವನ್ನೂ ಮುಚ್ಚಿಡಲಿಲ್ಲ. ಇನ್ನೊಂದು ಪೆಟ್ಟಿಗೆಯಲ್ಲಿ ತಮ್ಮ ಸ್ವಂತ ಸಾಮಾನು, ವಿಚ್ಛೇದನದ ಕಾಗದ ಕೂಡ. ಇವರೆಲ್ಲ ಹಳೇ ಕಾಲದಲ್ಲಿ ಆಗಿಹೋದ ಜನ ಎಂದುಕೊಂಡು ಬಂದವರ ಮುಂದೆ 'ಮಾದರಿ' ಉಸಿರಾಡುತ್ತ ಮಲಗಿತ್ತು.

ಇದೆಲ್ಲ ಸೇಡಂ, ಚಿತ್ತಾಪುರಕ್ಕೆ ಯಾಕೆ ಅಂತ ಕೇಳುತ್ತೀರಿ. ನಿಮ್ಮ ಮೊಬೈಲಿನಲ್ಲಿರುವ, ನೀವು ತೆಗೆಯದ, ನಿಮ್ಮವೇ ಫೋಟೊಗಳನ್ನು ಎಣಿಸಿ ನೋಡಿ. ಆಧಾರ್ ಫೋಟೊ, ಪಡಿತರ ಚೀಟಿಯ ಫೋಟೊ. ಮನೆ ಮಂಜೂರಾದರೆ ಅರ್ಧ ಕಟ್ಟಿದ ಗೋಡೆಯ ಮುಂದೆ ನಿಂತ ಫೋಟೊ. ನರೇಗಾ ಕೆಲಸದ ಜಾಗದಲ್ಲಿ ದಿನಕ್ಕೆ 2 ಸಲ ಸಾಲಾಗಿ ನಿಂತು ಹಾಜರಿ ಫೋಟೊ. 2023ರ ಜನವರಿಯಿಂದ ಇದು ಎಲ್ಲ ಕಡೆ ಕಡ್ಡಾಯವಾಯಿತು. ಎಲ್ಲದರ ಕೆಳಗೂ ಚೀಟಿ ಇದೆ: ಫಲಾನುಭವಿ, ಕೂಲಿಕಾರ, ವಲಸಿಗ. ಇಡೀ ಸೀಮೆಗೇ ಒಂದು ಚೀಟಿ ಇದೆ, 'ಹಿಂದುಳಿದ' ಎಂದು. ಆ ಚೀಟಿಯಿಂದ 371(ಜೆ) ಬಂತು, ಸೀಟು, ನೌಕರಿ ಬಂದವು, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಮೇಲೆ ಇರುವ ಬರಹ ಅದೊಂದೇ ಆಗಬಾರದು.

ಸೆಲ್ಫಿ ಇದೆಯಲ್ಲ, ದಿನಾ ಹಾಕುತ್ತೇವಲ್ಲ ಎನ್ನುವವರಿದ್ದಾರೆ. ಸೆಲ್ಫಿಯಲ್ಲಿ ನಾವು ಬಣ್ಣ ತಿಳಿ ಮಾಡುತ್ತೇವೆ, ಕಲೆ ಅಳಿಸುತ್ತೇವೆ, ಹಿಂದಿನ ಗುಡಿಸಲು ಕಾಣದಂತೆ ನಿಲ್ಲುತ್ತೇವೆ. ಸ್ಪೆಸಿಮನ್ ಚಿತ್ರದ ಗುಣ ಇದಕ್ಕೆ ಉಲ್ಟಾ. ಅದರಲ್ಲಿ ಕಲೆಯೇ ಮುಖ್ಯ, ಅಳತೆ ಮುಖ್ಯ, ಎಲ್ಲಿ ಸಿಕ್ಕಿತು ಎನ್ನುವುದು ಮುಖ್ಯ.

ಶಹಾಬಾದಿನಲ್ಲಿ ಪರ್ಸಿ ಕಲ್ಲು ಕಡಿದವರ ಅಂಗೈಯನ್ನು ಯೋಚಿಸಿ. ಬಿಳಿ ಹಾಳೆಯ ಮೇಲೆ ಆ ಕೈ ಇಟ್ಟು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಪ್ರತಿ ಗಾಯಕ್ಕೂ ಒಂದು ಚೀಟಿ: ಯಾವ ಗಣಿ, ಯಾವ ವರ್ಷ, ಅವತ್ತಿನ ಕೂಲಿ ಕೊಟ್ಟರೋ ಇಲ್ಲವೋ. ವಾಡಿಯ ಹುಡುಗನೊಬ್ಬ ಮನೆ ಅಂಗಳದಲ್ಲಿ ಒಂದು ವಾರ ಇಟ್ಟ ಬಿಳಿ ಅಂಗಿಯನ್ನು ಮಡಚದೆ ಹಾಳೆಗೆ ಹೊಲಿದರೆ, ಮೇಲೆ ಕೂತ ದೂಳೇ ಅವನ ಚಿತ್ರ. ಸೇಡಂ ಕಡೆಯವರು ತೊಗರಿ ಕಟ್ಟಿಗೆಯನ್ನೂ ತಮ್ಮ ಹಿಮ್ಮಡಿಯನ್ನೂ ಒಂದೇ ಹಾಳೆಯಲ್ಲಿ ಇಡಬಹುದು. ಚಿಂಚೋಳಿಯ ತಾಂಡಾದ ಅವ್ವನ ಕನ್ನಡಿ ಹಚ್ಚಿದ ಕಾಚಳಿಯನ್ನು ಹತ್ತಿರದಿಂದ ತೆಗೆದರೆ ಆ ಸಣ್ಣ ಕನ್ನಡಿಗಳಲ್ಲಿ ತೆಗೆದವರ ಮುಖವೇ ಬೀಳುತ್ತದೆ. ಅಳತೆಯ ಚೌಕಕ್ಕೆ ಬಟ್ಟೆ ಹುಡುಕಬೇಕಿಲ್ಲ. ನಮ್ಮ ಎಷ್ಟೋ ಮನೆಗಳ ನೆಲವೇ ಪರ್ಸಿ. ಅದರ ಮೇಲೆ ಮಲಗಿ, ಯಾರಾದರೂ ಮಾಳಿಗೆಯಿಂದಲೋ ಸ್ಟೂಲ್ ಹತ್ತಿಯೋ ಮೊಬೈಲಿನಲ್ಲಿ ತೆಗೆದರೆ ಆಯಿತು. ಫಿಲ್ಟರ್ ಬೇಡ. ಚೀಟಿಯನ್ನು ಪೆನ್ನಿನಲ್ಲೇ, ನೀವು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ, ಲಂಬಾಣಿ, ದಖನಿ, ತೆಲುಗು ಯಾವುದಾದರೂ ಸರಿ. 'ಸಂಗ್ರಹಿಸಿದವರು' ಎಂಬ ಕಡೆ ನಿಮ್ಮದೇ ಹೆಸರು.

ಚೀಟಿಗೆ ಎಷ್ಟು ಬೆಲೆ ಎನ್ನುವುದಕ್ಕೆ ಸಾಕ್ಷಿ ಚಿತ್ತಾಪುರ ಸೀಮೆಯಲ್ಲೇ ಇದೆ. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ, ಸುಣ್ಣದ ಕಲ್ಲಿನಲ್ಲಿ ಕೆತ್ತಿದ ಒಬ್ಬ ರಾಜನ ಚಿತ್ರ ಸಿಕ್ಕಿತು. ಅಲ್ಲೇ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಬರೆದಿತ್ತು. ಆ ಒಂದು ಸಾಲಿನಿಂದ ಅವನು ಅಶೋಕ ಎಂದು ಇವತ್ತು ಜಗತ್ತಿಗೆ ಗೊತ್ತು. ಪಕ್ಕದಲ್ಲಿ ಚಾಮರ, ಕೊಡೆ ಹಿಡಿದು ನಿಂತ ಹೆಂಗಸರೂ ಅಷ್ಟೇ ಚೆಂದ ಕೆತ್ತಿದ್ದಾರೆ. ಅವರಿಗೆ ಚೀಟಿ ಇಲ್ಲ.

ಮಾಡಿದ ಹಾಳೆಗಳನ್ನು ತೂಗುಹಾಕಲು ಗ್ಯಾಲರಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದ ಗೋಡೆ ಇದೆ, ಜಾತ್ರೆಯ ಪೆಂಡಾಲ್ ಇದೆ. ಕಲಬುರಗಿಯ ಕಲಾ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮೂರ ಹುಡುಗ ಹುಡುಗಿಯರು ರಜೆಗೆ ಬಂದಾಗ ಒಂದು ದಿನ ಕೂತರೆ ಹತ್ತು ಹಾಳೆ ಆಗುತ್ತವೆ. ಶಹಾಬಾದಿನ ಕಡೆ ಯಾರಾದರೂ ಕೈ ಚಿತ್ರ ಮಾಡಿದರೆ ತಿಳಿಸಿ, ಬರುತ್ತೇವೆ. ಸ್ಕೇಲ್ ಹಿಡಿದುಕೊಂಡು ನಿಲ್ಲುವುದಷ್ಟೇ ನಮ್ಮ ಕೆಲಸ, ಚೀಟಿ ನೀವೇ ಬರೆಯಬೇಕು.